ಭಾನುವಾರದ ನೀರು

ಹೈಡ್ರೋಜನ್‌ನಿಂದ ವಿದ್ಯುತ್ ತಯಾರಿಸುವ ಇಂಧನ ಕೋಶದೊಳಗಿನ ತೆಳು ಪೊರೆ ಮಹಾ ಹಟಮಾರಿ. ನೀರು ಕಡಿಮೆಯಾದರೆ ಒಣಗಿ ಬಿರಿಯುತ್ತದೆ, ಹೆಚ್ಚಾದರೆ ಗಾಳಿಯ ದಾರಿ ಕಟ್ಟಿಕೊಂಡು ಉಸಿರುಗಟ್ಟುತ್ತದೆ. ಅದಕ್ಕೇ ವರ್ನಾ ಹನ್ನೆರಡು ವರ್ಷದಿಂದ ಪ್ರತಿ ಭಾನುವಾರ ಬಸ್ಸು ಹಿಡಿದು ಬರ್ನಬಿ ಪಟ್ಟಣದ ಪ್ರಯೋಗಶಾಲೆಗೆ ಬಂದು, ಕೋಶಕ್ಕೆ ತೇವ ಕೊಡುವ ತೊಟ್ಟಿಗೆ ಶುದ್ಧ ನೀರು ತುಂಬಿಸುತ್ತಿದ್ದಳು.

ಈ ವಾರ ತಾನಾಗಿಯೇ ನೀರು ತುಂಬಿಸುವ ಪಂಪು ಬಂತು.

"ಇನ್ಮೇಲೆ ಭಾನುವಾರ ಆರಾಮಾಗಿ ಮನೇಲಿರಿ, ವರ್ನಾ," ಎಂದ ಮೇಲಧಿಕಾರಿ ಗಾರ್ತ್, ದೊಡ್ಡ ಉಪಕಾರ ಮಾಡಿದವನಂತೆ.

ಮನೆಯಲ್ಲಿ ಏನಿತ್ತು ಮಣ್ಣು? ಗಂಡ ಹೋದ ಮೇಲೆ ಎರಡನೆಯ ಕುರ್ಚಿಯ ಮೇಲೆ ಬಟ್ಟೆ ಒಣಗುತ್ತಿತ್ತು, ಅಷ್ಟೇ.

ಭಾನುವಾರ ಕಾಲುಗಳು ತಾವಾಗಿಯೇ ಬಸ್ಸು ಹತ್ತಿದವು. ತೊಟ್ಟಿ ತುಂಬಿತ್ತು. ಪರದೆಯ ಮೇಲೆ ವೋಲ್ಟೇಜಿನ ಗೆರೆ ಅಲುಗಾಡದೆ ನಿಂತಿತ್ತು. ವರ್ನಾ ಅದರ ಮುಂದೆ ಕೂತು ಮೊಟ್ಟೆಯ ಸ್ಯಾಂಡ್‌ವಿಚ್ ಬಿಚ್ಚುವಷ್ಟರಲ್ಲಿ ಗಾರ್ತ್ ಫೋನು ಮಾಡಿದ.

"ಲ್ಯಾಬ್ ಬಾಗಿಲು ತೆಗೆದಿದ್ದಕ್ಕೆ ನಂಗೆ ಮೆಸೇಜ್ ಬಂತು. ಪಂಪ್ ಇದ್ಯಲ್ಲ, ನೀವ್ಯಾಕೆ ಬಂದ್ರಿ?"

"ಪಂಪ್ ಸೋರ್ತಿದೆ ಕಣಪ್ಪ."

"ಹೌದಾ? ಒಂದು ಫೋಟೋ ಕಳ್ಸಿ."

ವರ್ನಾ ಬಗ್ಗಿ ನೋಡಿದಳು. ನೆಲದ ಮೇಲೆ ಒಂದು ಹನಿಯೂ ಇರಲಿಲ್ಲ. ಅವಳು ನೀರಿನ ಬಾಟಲಿ ತಂದು ಪಂಪಿನ ಕೆಳಗೆ ಮೆಲ್ಲಗೆ ಸುರಿದಳು, ಹೆಚ್ಚಾಗದಂತೆ, ಕಡಿಮೆಯೂ ಆಗದಂತೆ.