ಮೂರನೆಯ ತಮ್ಮ

ಕರಡು ತಿದ್ದುವುದು ನನ್ನ ಕೆಲಸ. ಬೆಳಗಿನಿಂದ ಮೇಜಿನ ಮೇಲಿರುವುದು ನಾನು ಹದಿನಾಲ್ಕು ಸಲ ಓದಿದ ಕಾದಂಬರಿಯ ಹೊಸ ಮುದ್ರಣ. ಜ್ವರ ಬಂದಾಗ, ಕೆಲಸ ಹೋದಾಗ, ಅಮ್ಮ ತೀರಿಕೊಂಡ ವಾರ, ನಾನು ಹೋಗಿ ಕೂತದ್ದು ಈ ಕಥೆಯ ದೊಡ್ಡಮ್ಮನ ಅಡುಗೆಮನೆಯಲ್ಲೇ.

ಮೊದಲ ಅಧ್ಯಾಯದಲ್ಲಿ ದೊಡ್ಡಮ್ಮನಿಗೆ ಇಬ್ಬರೇ ತಮ್ಮಂದಿರು. ಒಂಬತ್ತನೆಯದರಲ್ಲಿ ಎಲ್ಲಿಂದಲೋ ಮೂರನೆಯವನು ಬರುತ್ತಾನೆ. ಬಾಗಿಲಲ್ಲಿ ನಿಂತು, "ಊಟ ಆಯ್ತಾ ಅಕ್ಕಾ?" ಎಂದು ಕೇಳಿ ಹೊರಟುಹೋಗುತ್ತಾನೆ. ಲೇಖಕಿಯ ಮರೆವು, ಕೇಳೋಣವೆಂದರೆ ಅವರೀಗ ಇಲ್ಲ. ಇಷ್ಟು ವರ್ಷ ಕಂಡೂ ಕಾಣದಂತಿದ್ದೆ. ಇವತ್ತು ಕೈಯಲ್ಲಿ ಕೆಂಪು ಪೆನ್ನಿದೆ. ಬೇರೆ ಪುಸ್ತಕವಾಗಿದ್ದರೆ ಅವನನ್ನು ಒಂದೇ ಗೀಟಿಗೆ ಮುಗಿಸುತ್ತಿದ್ದೆ.

ಎದ್ದು ಕಿಟಕಿ ತೆರೆದೆ. ಗದ್ದಲವೆಂದು ಮುಚ್ಚಿದೆ. ಸೆಕೆಯೆಂದು ಮತ್ತೆ ತೆರೆದೆ. ಟೀ ಆರಿ ತಣ್ಣಗಾಯಿತು. ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಅಮ್ಮ ತೀರಿಕೊಂಡ ವಾರ ನನ್ನನ್ನು 'ಊಟ ಆಯ್ತಾ' ಎಂದು ಕೇಳಿದವನು ಆ ಮೂರನೆಯ ತಮ್ಮನೊಬ್ಬನೇ.

ಸಂಪಾದಕರು ಆಚೆಯಿಂದಲೇ ಕೂಗಿದರು: "ಏನ್ರೀ, ಮಧ್ಯಾಹ್ನದಿಂದ ಅದೇ ಪುಟ ಹಿಡ್ಕೊಂಡು ಕೂತಿದ್ದೀರಲ್ಲ! ತಪ್ಪೇನಾದ್ರೂ ಸಿಕ್ತಾ?"

"ಒಂದು ಸಿಕ್ತು ಸಾರ್. ತಿದ್ದಿಬಿಡ್ತೀನಿ, ಸ್ವಲ್ಪ ಸುಮ್ನಿರಿ."

ಮೊದಲ ಅಧ್ಯಾಯಕ್ಕೆ ಹಿಂದಿರುಗಿ, 'ಇಬ್ಬರೇ' ಎಂಬುದನ್ನು ಹೊಡೆದುಹಾಕಿ, 'ಮೂವರು' ಎಂದು ಬರೆದೆ.