ದೇವರ ಹಸುವಿನ ಹಾಲು

ತಂಗಿದ ಮನೆಯಲ್ಲಿ ಹೊಟ್ಟೆ ತುಂಬ ಉಂಡು, ಉಪಚಾರವನ್ನು ಬಾಯಿ ತುಂಬ ಹೊಗಳಿ ಗಾಡಿ ಹತ್ತುವ ಓದುಗರೇ, ನಿಮ್ಮ ತೃಪ್ತಿಗಾಗಿ ಅಲ್ಲಿ ಯಾರು ಹಸಿದರೆಂದು ಒಮ್ಮೆಯಾದರೂ ವಿಚಾರಿಸಿದ್ದೀರಾ?

ಪೆರಿಯಾರಿನ ಅಣೆಕಟ್ಟು ಏಳುತ್ತಿದ್ದ ಕಾಲ. ಹನುಮಂತನಪಟ್ಟಿಯ ಹೊಳೆಯ ಮರಳ ದಂಡೆಯಲ್ಲಿ ವಿಧವೆ ಓಚ್ಚಮ್ಮಾಳ್ ತಂಗುಮನೆಯೊಂದನ್ನು ನಡೆಸುತ್ತಿದ್ದಳು. ಮಧುರೆಯ ಸೆಖೆಗೆ ಬೆಂದ ದೊಡ್ಡ ಮನುಷ್ಯರು ಹೊಳೆಯಲ್ಲಿ ಮಿಂದು, ಮರಳ ಮೇಲೆ ಚಾಪೆ ಹಾಸಿ ಒರಗಲು ಅಲ್ಲಿಗೆ ಬರುತ್ತಿದ್ದರು. ತಂಗಾಳಿಗಿಂತ ತನ್ನ ಗಟ್ಟಿ ಹಾಲೇ ಅವರನ್ನು ಮತ್ತೆ ಮತ್ತೆ ಕರೆತರುತ್ತದೆಂದು ಅವಳ ಹೆಮ್ಮೆ.

ಆ ಬೇಸಿಗೆಯಲ್ಲಿ ಅವಳ ಎಮ್ಮೆಯ ಹಾಲು ಬತ್ತಿತು. ವಕೀಲರೊಬ್ಬರ ಸಂಸಾರ ಆಗಲೇ ಬಂದಿಳಿದಿತ್ತು. ದೇವರ ದೊಡ್ಡಿಯನ್ನು ಕಾಯುವ ಅವಳ ತಮ್ಮ ಪಿಚ್ಚೈ ಜ್ವರದಿಂದ ಮಲಗಿದ್ದರಿಂದ, ಅಲ್ಲಿಯ ಹಸುಗಳನ್ನೂ ಅವಳೇ ನೋಡಿಕೊಳ್ಳುತ್ತಿದ್ದಳು. ದೇವರಿಗೆ ಬಿಟ್ಟ ಆ ಹಸುಗಳನ್ನು ಅವರ ಕುಲದವರು ಕರೆಯುವುದಿಲ್ಲ. ಹಾಲೆಲ್ಲ ಕರುವಿನ ಪಾಲು. ಒಂದು ಹೊತ್ತಿಗೆ ಏನಾದೀತೆಂದು ಅವಳು ಒಂದು ಹಸುವಿನ ಬಳಿ ಚೆಂಬು ಹಿಡಿದು ಕುಳಿತಳು. ಮರುದಿನವೂ ಕುಳಿತಳು. ಆಮೇಲೆ ಅದೇ ರೂಢಿಯಾಯಿತು.

ಜ್ವರ ಬಿಟ್ಟೆದ್ದ ಪಿಚ್ಚೈ ದೊಡ್ಡಿಗೆ ಬಂದಾಗ ಕೆಂದ ಕರು ಕತ್ತು ಚಾಚಿ ಬಿದ್ದಿತ್ತು.

"ಅಕ್ಕಾ, ಈ ಕೂಸು ಯಾಕೆ ಹಿಂಗಾತು?"

"ಬಿಸ್ಲು, ತಂಬಿ. ನಾನೂ ಒಣಗಿ ಕಡ್ಡಿಯಾಗಿವ್ನಿ, ನನ್ನ ಯಾರು ಕೇಳ್ತಾರೆ?"

ಅವನು ನಗಲಿಲ್ಲ. "ತಪ್ಪು ನಂದೇ. ನಾ ಮಲಗಿದ್ದಕ್ಕೆ ಸಾಮಿಗೆ ಕೋಪ ಬಂದೈತೆ. ಕುಲದ ಪೆರಿಯವರ ಮುಂದೆ ಕಾವಲ ಕೋಲು ಇಟ್ಟು, ಈ ಕಾವಲು ಬಿಟ್ಬುಡ್ತೀನಿ."

ಅಪ್ಪನಿಂದ ಬಂದ ಕಾವಲು ಅದು. ಅವನು ಬಾಗಿಲು ದಾಟುವಷ್ಟರಲ್ಲಿ ಓಚ್ಚಮ್ಮಾಳಿಗೆ ತಡೆಯಲಾಗಲಿಲ್ಲ.

"ನಿಲ್ಲೋ! ಸಾಮಿ ಏನೂ ಮಾಡಿಲ್ಲ. ಕರೆದದ್ದು ಈ ಕೈ."

ಪಿಚ್ಚೈ ಅವಳ ಮುಖ ನೋಡಲಿಲ್ಲ. ತಾಯಿ ಹಸುವನ್ನು ಕರುವಿನ ಬಳಿಗೆ ಬಿಟ್ಟ. ಮೊಲೆ ಹಿಡಿಯಲು ಕರುವಿಗೆ ತ್ರಾಣವಿರಲಿಲ್ಲ. ಅವಳು ಬೊಗಸೆಯಲ್ಲಿ ಹಾಲು ಹಿಡಿದು ಅದರ ಬಾಯಿಗೆ ಬಿಟ್ಟಳು. ಹಾಲು ದವಡೆಯಿಂದ ನೆಲಕ್ಕಿಳಿಯಿತು. ಮಧ್ಯಾಹ್ನಕ್ಕೆ ಕರು ಸತ್ತಿತು.

ಅಂದು ಅವಳು ಅತಿಥಿಗಳ ಮುಂದೆ ರಾಗಿ ಅಂಬಲಿ ಇಟ್ಟು, ಬೈಗುಳ ಬಂದೇ ಬರುತ್ತದೆಂದು ತಲೆ ತಗ್ಗಿಸಿ ನಿಂತಳು. ವಕೀಲರ ಹೆಂಡತಿ ಕಮಲಮ್ಮಾಳ್ ಚಪ್ಪರಿಸಿ ಕುಡಿದಳು.

"ಇದೇ ಎಷ್ಟು ಹಿತವಾಗೈತೆ! ಈ ಬಿಸಿಲಿಗೆ ಹಾಲು ಯಾರಿಗೆ ಬೇಕಿತ್ತಮ್ಮಾ? ನೀನು ಕೊಟ್ಟೆ, ನಾವು ಕುಡಿದೆವು."

ಓಚ್ಚಮ್ಮಾಳ್ ಹಿತ್ತಲಿಗೆ ಹೋಗಿ ಸೆರಗನ್ನು ಬಾಯಿಗೆ ತುರುಕಿಕೊಂಡಳು.

ಅವಳ ಪಾಪ ಅವಳದೇ, ನಾನದನ್ನು ತೊಳೆಯಲಾರೆ. ಆದರೆ ನೀವು ಇನ್ನು ಯಾರ ಮನೆಯಲ್ಲಿ ತಂಗಿದರೂ, ಒಲೆ ಹೊತ್ತುವ ಮೊದಲೇ ಮನೆಯವಳನ್ನು ಕರೆದು, "ಇದ್ದದ್ದನ್ನೇ ಬಡಿಸು ತಾಯಿ, ನಮಗೆ ಅದೇ ಸಾಕು" ಎಂದು ದಯವಿಟ್ಟು ಹೇಳಿಬಿಡಿ.