ನಾಲ್ಕನೆಯ ಕ್ಯಾಸೆಟ್ಟು ಹೇಳಿಕೊಟ್ಟ ಪ್ರಶ್ನೆ

ಬದುಕಿನಲ್ಲಿ ಮೇಲೆ ಬರುವುದು ಹೇಗೆ ಎಂದು ಹೇಳಿಕೊಡುವ ಕ್ಯಾಸೆಟ್ಟುಗಳನ್ನು ನಾನು ಕೇಳಿದಷ್ಟು ಈ ತುಮಕೂರಿನಲ್ಲಿ ಇನ್ನೊಬ್ಬರು ಕೇಳಿರಲಾರರು. ಇಷ್ಟಪಟ್ಟು ಕೇಳಿದ್ದಲ್ಲ. ನನ್ನ ತಂಗಿ ಮೆಹನಾಜ್ ಟೇಪ್ ರೆಕಾರ್ಡರ್ ಹಾಕುತ್ತಿದ್ದಳು, ನಾನು ಅದೇ ಕೋಣೆಯಲ್ಲಿ ಹೊಲಿಗೆ ಮೆಷಿನ್ ಮುಂದೆ ಕೂತಿರುತ್ತಿದ್ದೆ. ಎದ್ದು ಹೋಗೋಣವೆಂದರೆ ನಮ್ಮದು ಎರಡೇ ಕೋಣೆಯ ಮನೆ, ಮುಂದಿನದರಲ್ಲಿ ಅಬ್ಬಾ ಮಾಡಿಟ್ಟ ತಗಡಿನ ಟ್ರಂಕುಗಳು. ಹಾಗಾಗಿ ಆರು ಕ್ಯಾಸೆಟ್ಟುಗಳ ಎರಡೂ ಬದಿ ನನಗೆ ಬಾಯಿಪಾಠವಾಗಿದೆ.

ಅದರಲ್ಲಿ ಮಾತಾಡುವವನ ದನಿ ಚೆನ್ನಾಗಿದೆ, ಒಪ್ಪಬೇಕು. ಹೊಟ್ಟೆ ತುಂಬ ಉಂಡು, ಕೈ ತೊಳೆದು, ದಿಂಬಿಗೆ ಒರಗಿ ಕೂತವನ ದನಿ. ಹಿಂದೆ ಕೊಳಲು ಬೇರೆ. ಆ ಊಟ ಮಾಡಿ ಹಾಕಿದವರು ಯಾರು, ತಟ್ಟೆ ಎತ್ತಿದವರು ಯಾರು ಎಂದು ಆರು ಕ್ಯಾಸೆಟ್ಟಿನಲ್ಲಿ ಒಂದು ಸಲವೂ ಬಾಯಿ ಬಿಟ್ಟಿಲ್ಲ. ಅವನಿಗೆ ತಾಯಿ, ಅತ್ತೆ, ಅಕ್ಕತಂಗಿಯರು ಇದ್ದ ಹಾಗೂ ಕಾಣುವುದಿಲ್ಲ.

ಬೆಳಗ್ಗೆ ಐದಕ್ಕೆ ಏಳುವವರಿಗೆ ಯಶಸ್ಸು ಕಟ್ಟಿಟ್ಟ ಬುತ್ತಿ ಎನ್ನುತ್ತಾನೆ ಮೊದಲನೆಯ ಕ್ಯಾಸೆಟ್ಟಿನಲ್ಲಿ. ನಮ್ಮ ಬೀದಿಯ ನಲ್ಲಿಯಲ್ಲಿ ನೀರು ಬರುತ್ತಿದ್ದದ್ದೇ ನಾಲ್ಕೂವರೆಗೆ. ಬೀದಿಯ ಹೆಂಗಸರೆಲ್ಲ ಬುದ್ಧಿ ಬಂದಾಗಿನಿಂದ ಆ ಹೊತ್ತಿಗೇ ಏಳುತ್ತಿದ್ದಾರೆ. ಯಶಸ್ಸು ಬಂದಿದ್ದರೂ ಕೊಡ ಹಿಡಿದು ಜಗಳಕ್ಕೆ ನಿಂತಿದ್ದ ನಮಗೆ ಗೊತ್ತಾಗಿರಲಿಕ್ಕಿಲ್ಲ. ಇನ್ನೊಂದರಲ್ಲಿ ಕಣ್ಣು ಮುಚ್ಚಿ, ಐದು ವರ್ಷದ ಮುಂದೆ ನೀವು ಎಲ್ಲಿರುತ್ತೀರಿ ಎಂದು ನೋಡಿಕೊಳ್ಳಿ ಎನ್ನುತ್ತಾನೆ. ನಾನು ಒಮ್ಮೆ ನಿಜಕ್ಕೂ ಮುಚ್ಚಿದೆ. ಮದುವೆಯಾಗಿ ಮೂರು ವರ್ಷಕ್ಕೇ ಗಂಡನನ್ನು ಮಣ್ಣಿಗೆ ಕೊಟ್ಟು ಅಬ್ಬಾನ ಮನೆಗೆ ವಾಪಸು ಬಂದವಳು ನಾನು. ನನಗೆ ಮುಂದಿನ ಐದು ವರ್ಷ ಕಾಣಲಿಲ್ಲ, ಹಿಂದಿನದೇ ಕಂಡಿತು. ಕಣ್ಣು ತೆರೆದು ಬ್ಲೌಸಿಗೆ ಹುಕ್ ಹಾಕಿದೆ.

‘ಇಲ್ಲ ಎನ್ನಲು ಕಲಿಯಿರಿ’ ಎಂಬುದನ್ನೂ ಮಾಡಿ ನೋಡಿದ್ದೇನೆ, ರಂಜಾನ್ ಹಬ್ಬದ ಹಿಂದಿನ ವಾರ. ಆಗಲ್ಲ ಎಂದು ನಾಲ್ಕು ಜನಕ್ಕೆ ಹೇಳಿದೆ. ನಾಲ್ವರೂ ಬಟ್ಟೆ ಎತ್ತಿಕೊಂಡು ಎದುರುಮನೆ ಟೈಲರ್ ಹತ್ತಿರ ಹೋದರು, ಅವನು ಯಾರಿಗೂ ಇಲ್ಲ ಎಂದವನಲ್ಲ.

ನಾನು ಹೀಗೆ ಆಡಿಕೊಂಡಾಗ ಮೆಹನಾಜ್ ಮುನಿಸಿಕೊಳ್ಳುತ್ತಿದ್ದಳು. ಕ್ಯಾಸೆಟ್ಟಿಗಾಗಿ ಅಲ್ಲ, ಅದನ್ನು ಕೊಟ್ಟವನಿಗಾಗಿ.

ಕೊಟ್ಟವನು ಕುಣಿಗಲ್‌ನ ಅರ್ಷದ್. ತೊಂಬತ್ತೊಂಬತ್ತನೇ ಇಸವಿಯಲ್ಲಿ ಮೆಹನಾಜ್ ಬಿ.ಕಾಂ. ಮುಗಿಸಿ ಕಂಪ್ಯೂಟರ್ ಕ್ಲಾಸಿಗೆ ಸೇರಿದಳು. ಅವನು ದಿನಾ ಬಸ್ಸಿನಲ್ಲಿ ಬಂದು ಅದೇ ಕ್ಲಾಸಿನಲ್ಲಿ ಕೂರುತ್ತಿದ್ದ. ಅವರ ತಂದೆಗೆ ಕುಣಿಗಲ್‌ನಲ್ಲಿ ಪಾತ್ರೆ ಅಂಗಡಿ. ಕ್ಲಾಸಿನವರೆಲ್ಲ ದೇವರಾಯನದುರ್ಗಕ್ಕೆ ಹೋಗಿಬಂದ ದಿನ ಈ ಕ್ಯಾಸೆಟ್ಟುಗಳ ಡಬ್ಬಿಯನ್ನು ಇವಳ ಕೈಗಿಟ್ಟು, ನೀನು ತುಂಬಾ ಮೆತ್ತಗೆ ಮಾತಾಡ್ತೀಯಾ, ಇದನ್ನ ಕೇಳು, ಧೈರ್ಯ ಬರುತ್ತೆ ಎಂದನಂತೆ. ಬೇರೆ ಹುಡುಗರು ಬಳೆ ಕೊಡುತ್ತಾರೆ, ಅತ್ತರು ಕೊಡುತ್ತಾರೆ. ಇವನು ಧೈರ್ಯ ಕೊಟ್ಟ. ನನ್ನ ತಂಗಿ ಅದಕ್ಕೇ ಮರುಳಾದಳು. ಆ ದಿನಗಳಲ್ಲಿ ಅವಳ ಮುಖ ನೋಡಿದರೆ ನನ್ನ ಹೊಟ್ಟೆ ತಣ್ಣಗಾಗುತ್ತಿತ್ತು. ಅಮ್ಮಿ ತೀರಿಹೋದ ಮೇಲೆ ಅವಳ ತಲೆ ಬಾಚಿ ಬೆಳೆಸಿದ್ದು ನಾನೇ. ನನಗೆ ದಕ್ಕದೆ ಹೋದದ್ದು ಅವಳಿಗಾದರೂ ದಕ್ಕಲಿ ಎಂದು ನಾನು ಐದು ಹೊತ್ತೂ ಬೇಡುತ್ತಿದ್ದೆ.

ಅರ್ಷದ್ ಮನೆಯಲ್ಲಿ ಹೇಗೋ ವಿಷಯ ತೆಗೆದ. ಅವನ ತಾಯಿ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ, ಬಂದು ನೋಡುತ್ತೇನೆ ಎಂದರು. ಅವರು ಬರುವ ದಿನ ಗೊತ್ತಾದಾಗ ಅವನು ಮೆಹನಾಜ್‌ಗೆ ಹೇಳಿದ್ದು ಇಷ್ಟು: ನಮ್ಮ ಅಮ್ಮೀದು ಯಾವ ಇಂಟರ್‌ವ್ಯೂಗೂ ಕಮ್ಮಿ ಇಲ್ಲ, ನಾಲ್ಕನೇ ಕ್ಯಾಸೆಟ್ ಸರಿಯಾಗಿ ಕೇಳ್ಕೊ, ಹೆದರ್ಕೊಂಡು ತಲೆ ತಗ್ಗಿಸಿ ಕೂತ್ಕೋಬೇಡ.

ಅವನು ತಮಾಷೆಗೆ ಹೇಳಿದನೋ ನಿಜವಾಗಿ ಹೇಳಿದನೋ, ಇವತ್ತಿಗೂ ನನಗೆ ಗೊತ್ತಿಲ್ಲ. ಇವಳು ಮಾತ್ರ ಶಾಸನ ಎಂದುಕೊಂಡಳು. ನಾಲ್ಕನೆಯ ಕ್ಯಾಸೆಟ್ಟು ಕೆಲಸದ ಸಂದರ್ಶನದ ಬಗ್ಗೆ. ನೆಟ್ಟಗೆ ಕೂರಿ, ಕಣ್ಣಲ್ಲಿ ಕಣ್ಣಿಟ್ಟು ಉತ್ತರ ಕೊಡಿ, ಕೊನೆಯಲ್ಲಿ ನಿಮಗೇನಾದರೂ ಕೇಳುವುದಿದೆಯೇ ಎಂದರೆ ಇಲ್ಲ ಎಂದು ತಲೆಯಾಡಿಸಬೇಡಿ, ಈ ಜಾಗದಲ್ಲಿ ನಿಮಗಿಂತ ಮೊದಲು ಇದ್ದವರು ಯಾಕೆ ಬಿಟ್ಟು ಹೋದರು ಎಂದು ವಿನಯದಿಂದ ಕೇಳಿ, ನಿಮ್ಮ ಮೇಲೆ ಗೌರವ ಹೆಚ್ಚುತ್ತದೆ. ಕನ್ನಡಿ ಮುಂದೆ ಕೂತು ಮೆಹನಾಜ್ ಅದನ್ನೆಲ್ಲ ಅಭ್ಯಾಸ ಮಾಡಿದಳು. ನಮ್ಮ ಮನೆಮಾತು ಉರ್ದು, ಕ್ಯಾಸೆಟ್ಟಿನವನದು ಪುಸ್ತಕದ ಕನ್ನಡ, ಅದನ್ನೆಲ್ಲ ತಿರುಗಿಸಿಕೊಂಡು ಹೇಳುವಾಗ ಅವಳು ಕೋರ್ಟಿನಲ್ಲಿ ಸಾಕ್ಷಿ ಹೇಳುವವಳಂತೆ ಕಾಣುತ್ತಿದ್ದಳು. ನಾನು ನಕ್ಕು, ಸಲಾಂ ಹೇಳಿ ಸುಮ್ಮನೆ ಕೂತರೆ ಸಾಕು ಕಣೇ, ಮಿಕ್ಕಿದ್ದು ನಾನು ನೋಡ್ಕೋತೀನಿ ಎಂದೆ. ಅರ್ಷದ್ ಹೇಳಿರುವಾಗ ಅಕ್ಕನ ಮಾತು ಯಾರಿಗೆ ಬೇಕು.

ಅರ್ಷದನ ಅಣ್ಣನ ಹೆಂಡತಿ ಗುಬ್ಬಿಯವಳು. ಮದುವೆಯಾಗಿ ವರ್ಷ ತುಂಬುವುದರೊಳಗೆ ತವರಿಗೆ ಹೋದವಳು ತಿರುಗಿ ಬಂದಿರಲಿಲ್ಲ. ಇದು ನಮಗೆಲ್ಲ ಗೊತ್ತಿತ್ತು, ನಮಗೆ ಗೊತ್ತಿದೆ ಎಂದು ಅವರಿಗೂ ಗೊತ್ತಿತ್ತು. ಇಂಥದ್ದನ್ನು ನಮ್ಮಲ್ಲಿ ಎದುರಿಗೆ ಕೇಳುವುದಿಲ್ಲ. ಗುಬ್ಬಿಯಲ್ಲಿ ಯಾರಾದರೂ ನೆಂಟರಿದ್ದಾರಾ ನೋಡಿ, ಅವರ ಮನೆಗೆ ಬೇರೇನೋ ನೆಪದಲ್ಲಿ ಹೋಗಿ, ಚಹಾ ಕುಡಿದು, ಚಪ್ಪಲಿ ಹಾಕಿಕೊಳ್ಳುವಾಗ ಕೇಳುವುದು ಪದ್ಧತಿ. ನಾನು ಆ ಏರ್ಪಾಡನ್ನೂ ಮಾಡಿಕೊಂಡಿದ್ದೆ.

ಬಂದರು. ಗಂಡಸರು ಮುಂದಿನ ಕೋಣೆಯಲ್ಲಿ, ಹೆಂಗಸರು ಒಳಗೆ, ನಡುವೆ ಪರದೆ. ಮುಂದಿನ ಕೋಣೆಯ ಫ್ಯಾನು ಕಟಕಟ ಅನ್ನುತ್ತಿತ್ತು, ಅಬ್ಬಾ ಟ್ರಂಕಿನ ತಗಡಿನ ಬಗ್ಗೆ ಜೋರಾಗಿ ಹೇಳುತ್ತಿದ್ದರು. ಅರ್ಷದ್ ಪರದೆಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದ, ಪರದೆಯ ಕೆಳಗಿಂದ ಅವನ ಬೂಟು ನನಗೆ ಕಾಣುತ್ತಿತ್ತು. ಅವನ ತಾಯಿಯ ತೊಡೆಯ ಮೇಲೆ ದಾರ ಕಟ್ಟಿದ ಸಿಹಿಯ ಡಬ್ಬಿ. ಹುಡುಗಿ ಒಪ್ಪಿಗೆಯಾದರೆ ಗಂಡಿನ ತಾಯಿ ಅಲ್ಲೇ ದಾರ ಬಿಚ್ಚಿ ಒಂದು ತುಂಡು ಅವಳ ಬಾಯಿಗಿಡುತ್ತಾಳೆ, ಮಿಕ್ಕ ಮಾತು ಆಮೇಲೆ.

ಮೆಹನಾಜ್ ಟ್ರೇ ತಂದಿಟ್ಟು ಸಲಾಂ ಮಾಡಿ ಕೂತಳು. ನೆಟ್ಟಗೆ ಕೂತಳು. ಓದು, ಖುರಾನು, ಅಡುಗೆ ಎಲ್ಲ ಕೇಳಿದರು. ಅವರ ಕಣ್ಣನ್ನೇ ನೋಡುತ್ತ ಉತ್ತರ ಕೊಟ್ಟಳು. ಆದರೆ ಆ ತಾಯಿಗೆ ಅದು ಬೇಸರವಾದಂತೆ ಕಾಣಲಿಲ್ಲ. ಅವರ ಬೆರಳು ಡಬ್ಬಿಯ ದಾರದ ಗಂಟಿನ ಮೇಲೆ ಬಂದಿತ್ತು. ನಾನು ನೋಡಿದ್ದೇನೆ, ಸುಳ್ಳಲ್ಲ. ಗಂಟು ಬಿಚ್ಚುತ್ತಲೇ ಅವರು ಮಾತಿಗೊಂದು ಮಾತು ಎಂಬಂತೆ ಕೇಳಿದರು.

“ನಿಂಗೇನಾದ್ರೂ ಕೇಳೋದಿದ್ಯಾ ಮಗಳೇ?”

ಇದಕ್ಕೆ ಉತ್ತರ ತಲೆ ಅಲ್ಲಾಡಿಸುವುದು, ಸ್ವಲ್ಪ ನಾಚಿಕೊಳ್ಳುವುದು. ನಮ್ಮಲ್ಲಿ ಹುಟ್ಟಿದ ಯಾವ ಹುಡುಗಿಗೂ ಇದನ್ನು ಹೇಳಿಕೊಡಬೇಕಾಗಿಲ್ಲ. ಮೆಹನಾಜ್ ಪರದೆಯ ಕಡೆ ಒಂದು ಸಲ ನೋಡಿದಳು. ಆಮೇಲೆ ತುಂಬಾ ಮೆತ್ತಗೆ, ತುಂಬಾ ವಿನಯದಿಂದ ಕೇಳಿದಳು.

“ದೊಡ್ಡ ಭಾಬಿ ಯಾಕೆ ಮನೆ ಬಿಟ್ಟು ಹೋದ್ರು?”

ಅವರ ಬೆರಳು ನಿಂತಿತು. ಜೊತೆಗೆ ಬಂದಿದ್ದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾನು ಚಹಾ ತಣ್ಣಗಾಯ್ತು ಅದೂ ಇದೂ ಎಂದು ಏನೋ ಬಡಬಡಿಸಿದೆ. ಆ ತಾಯಿ ಅರ್ಧ ಬಿಚ್ಚಿದ ದಾರವನ್ನು ಮತ್ತೆ ಗಂಟು ಹಾಕಿದರು, ಡಬ್ಬಿಯನ್ನು ಚೀಲದಲ್ಲಿಟ್ಟುಕೊಂಡರು. ಹೊರಗಿನಿಂದ ಅರ್ಷದನ ತಂದೆ ಹೊರಡೋಣ ಎಂದರು. ಎಲ್ಲರೂ ಎದ್ದರು. ಬೂಟು ಹಾಕಿದ್ದ ಆ ಎರಡು ಕಾಲುಗಳು ಎಲ್ಲರಿಗಿಂತ ಮೊದಲು ಬಾಗಿಲು ದಾಟಿದವು. ಅಬ್ಬಾ ಬಂದು ಏನಾಯ್ತು ಎಂದು ನನ್ನನ್ನು ಕೇಳಿದರು. ನಾನು ಚಹಾದ ಲೋಟಗಳನ್ನು ಟ್ರೇಗೆ ಎತ್ತಿಡತೊಡಗಿದೆ.

ಹುಡುಗಿಗೆ ಬಾಯಿ ಜಾಸ್ತಿ ಎಂದು ಕುಣಿಗಲ್‌ನಿಂದ ಮಾತು ಬಂತು. ಅರ್ಷದ್ ಕ್ಲಾಸಿಗೆ ಬರುವುದನ್ನೇ ಬಿಟ್ಟ. ನಾನು ಸಿಟ್ಟಿಗೆದ್ದು ಕ್ಯಾಸೆಟ್ಟುಗಳನ್ನು ಒಲೆಗೆ ಹಾಕಲು ಹೊರಟರೆ ಮೆಹನಾಜ್ ಕಿತ್ತುಕೊಂಡು ತನ್ನ ಬಟ್ಟೆಯ ಕೆಳಗಿಟ್ಟಳು. ಅವಳು ಅಳಲಿಲ್ಲ, ಅದೇ ನನಗೆ ಭಯವಾಗಿದ್ದು. ಅರ್ಷದ್‌ಗೆ ಏನೂ ಕೇಳಿಸಿಲ್ಲ ಆಪಾ ಎಂದಳು. ಫ್ಯಾನ್ ಸದ್ದು, ಅಬ್ಬಾ ಬೇರೆ ಜೋರಾಗಿ ಮಾತಾಡುತ್ತಿದ್ದರು, ತಾನು ಕೇಳಿದ್ದು ಮೆತ್ತಗೆ. ಅವನ ತಾಯಿ ದಾರಿಯಲ್ಲಿ ಏನು ಹೇಳಿದರೋ ಅವನಿಗೆ ಗೊತ್ತಿರುವುದು ಅಷ್ಟೇ. ಅವನೇ ಹೇಳಿಕೊಟ್ಟ ಹಾಗೆ ತಾನು ಕೇಳಿದ್ದು ಅಂತ ತಿಳಿದಿದ್ದರೆ ಅವನು ಸುಮ್ಮನಿರುತ್ತಿದ್ದನಾ, ಎದ್ದು ಒಳಗೆ ಬಂದು ಇದು ನಂದೇ ತಪ್ಪು ಎನ್ನುತ್ತಿದ್ದ. ಒಂದು ದಿನ ತಿಳಿಯುತ್ತದೆ, ಆಗ ಬರುತ್ತಾನೆ.

ನಮ್ಮ ಪರದೆ ನನ್ನದೇ ಹಳೆಯ ತೆಳು ವಾಯಿಲ್ ಸೀರೆ. ಅದರಾಚೆ ಕೂತರೆ ಒಳಗೆ ಯಾರು ಕೆಮ್ಮಿದ್ದು ಎಂದೂ ಗೊತ್ತಾಗುತ್ತದೆ. ಆದರೆ ಅವಳು ಹಿಡಿದುಕೊಂಡಿದ್ದ ಒಂದೇ ಕೊಂಬೆಯನ್ನು ನಾನು ಹೇಗೆ ಕಡಿಯಲಿ. ಇರಬಹುದು ಎಂದೆ.

ಅದೊಂದು ಮಾತಿನ ಮೇಲೆ ಅವಳು ಒಂದು ವರ್ಷಕ್ಕೂ ಹೆಚ್ಚು ಬದುಕಿದಳು. ಬಂದ ಸಂಬಂಧಗಳನ್ನೆಲ್ಲ ಬೇಡ ಎಂದಳು, ಅಬ್ಬಾ ಬೈದರೂ ಸೈ. ನಡುವೆ ಶೆಟ್ಟಿಹಳ್ಳಿಯ ಕಡೆ ಒಂದು ಟ್ರ್ಯಾಕ್ಟರ್ ಶೋರೂಮಿನಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಹೋಗಿ ಬಂದಳು. ಅಲ್ಲೂ ನೆಟ್ಟಗೆ ಕೂತು, ಕೊನೆಗೆ ಅದೇ ಪ್ರಶ್ನೆ ಕೇಳಿದಳಂತೆ. ಮ್ಯಾನೇಜರ್ ನಕ್ಕು, ಮೊದಲಿದ್ದ ಹುಡುಗಿಗೆ ಮದುವೆ ಆಯ್ತಮ್ಮ ಎಂದು ಹೇಳಿ, ಸೋಮವಾರದಿಂದ ಬಾ ಎಂದರಂತೆ. ಆದ್ದರಿಂದ ನ್ಯಾಯವಾಗಿ ಹೇಳಬೇಕಾದ್ದು ಹೇಳುತ್ತೇನೆ, ಕೆಲಸ ಬೇಕಾದವರು ನಾಲ್ಕನೆಯ ಕ್ಯಾಸೆಟ್ಟು ಕೇಳಬಹುದು. ಕ್ಯಾಸೆಟ್ಟಿನವನಿಗೆ ಆಫೀಸು ಗೊತ್ತು. ಮನೆ ಗೊತ್ತಿಲ್ಲ. ಕೆಲಸ ಸಿಕ್ಕಿದ ದಿನ ಅಬ್ಬಾ ಸಿಹಿ ತರುತ್ತೇನೆ ಎಂದರು, ಮೆಹನಾಜ್ ಬೇಡ ಎಂದು ಒಳಗೆ ಹೋದಳು.

ಮುಂದಿನ ವರ್ಷ ಒಂದು ಭಾನುವಾರ ಮಧ್ಯಾಹ್ನ, ಬೀದಿಯ ತುದಿಯಲ್ಲಿ ಎಸ್‌ಟಿಡಿ ಬೂತ್ ಇಟ್ಟಿದ್ದ ಸದಾಶಿವಯ್ಯನವರು ನಮ್ಮ ಬಾಗಿಲಿಗೆ ಬಂದು, ಕುಣಿಗಲ್‌ನಿಂದ ಫೋನು, ಇನ್ನೈದು ನಿಮಿಷಕ್ಕೆ ಮತ್ತೆ ಮಾಡ್ತಾರಂತೆ ಎಂದರು. ಮೆಹನಾಜ್ ದುಪಟ್ಟಾ ಸರಿ ಮಾಡಿಕೊಳ್ಳದೆ ಓಡಿದಳು, ಹಿಂದೆಯೇ ನಾನು. ಆ ಗಾಜಿನ ಗೂಡಿನಲ್ಲಿ ಇಬ್ಬರೂ ನುಗ್ಗಿ ನಿಂತೆವು. ರಿಸೀವರಿನ ಒಂದು ಕಡೆ ಅವಳ ಕಿವಿ, ಇನ್ನೊಂದು ಕಡೆ ನನ್ನದು.

ಅವನೇ. ಚೆನ್ನಾಗಿದೀಯಾ, ಕೆಲಸ ಸಿಕ್ತಂತಲ್ಲ ಎಂದ. ಆಮೇಲೆ ವಿಷಯಕ್ಕೆ ಬಂದ. ಅಮ್ಮಿ ಈಗ ಸ್ವಲ್ಪ ಮೆತ್ತಗಾಗಿದ್ದಾರೆ, ಇನ್ನೊಂದು ಸಲ ಬರಲು ಒಪ್ಪಿದ್ದಾರೆ, ಒಂದೇ ಒಂದು ಷರತ್ತು.

“ಅವತ್ತು ಕೇಳಿದ್ದು ತಪ್ಪಾಯ್ತು ಅಂತ ಒಂದು ಮಾತು ಅಂದ್ಬಿಡು. ಅಷ್ಟೇ ಸಾಕು.”

“ಅಂತೀನಿ” ಎಂದಳು ಮೆಹನಾಜ್. ಒಂದು ಗಳಿಗೆಯೂ ಯೋಚಿಸಲಿಲ್ಲ. ಅವಳು ನಗುತ್ತಿದ್ದಳು, ನನ್ನ ತೋಳನ್ನು ಒತ್ತಿ ಹಿಡಿದಿದ್ದಳು. ನನಗೂ ಕಣ್ಣು ತುಂಬಿತು. ಹಾಳಾಗಿ ಹೋಗಲಿ, ತಪ್ಪಾಯ್ತು ಅಂದರೆ ಏನು ಸವೆದು ಹೋಗುತ್ತದೆ, ನನ್ನ ತಂಗಿಗೆ ಅವಳ ಬಾಳು ಸಿಗಲಿ ಎಂದುಕೊಂಡೆ. ಆ ಸಂತೋಷದಲ್ಲೇ, ಉತ್ತರ ಗೊತ್ತಿರುವವಳ ಹಾಗೆ, ಅವಳು ಕೇಳಿದಳು.

“ಅವತ್ತು ನಿಮಗೆ ಒಳಗಿಂದು ಏನೂ ಕೇಳಿಸ್ಲಿಲ್ಲ ಅಲ್ವಾ?”

“ಕೇಳಿಸ್ದೆ ಏನು, ಪರದೆ ಪಕ್ಕದಲ್ಲೇ ಇದ್ನಲ್ಲ” ಎಂದ ಅವನು. “ಎಲ್ಲಾ ಕೇಳಿಸ್ತು. ಭಲೇ ಕೇಳಿದ್ಲು, ನಾನು ಹೇಳ್ಕೊಟ್ಟಂಗೇ ಕೇಳಿದ್ಲು ಅನ್ನಿಸ್ತು ನಂಗೆ.”

“ಮತ್ತೆ?”

“ಮತ್ತೇನು, ಅಮ್ಮಿ ಮುಂದೆ ನಾನೆಂಗೆ ಬಾಯಿ ಬಿಡೋಕಾಗುತ್ತೆ?”

ಅವನು ಹಲೋ ಹಲೋ ಎನ್ನುತ್ತಿದ್ದ. ಮೆಹನಾಜ್ ರಿಸೀವರನ್ನು ಮೆತ್ತಗೆ, ಸದ್ದಾಗದ ಹಾಗೆ ಇಟ್ಟಳು. ಹೊರಗೆ ಬಂದೆವು. ಬಿಸಿಲು, ಬಾಳೆಹಣ್ಣಿನ ಗಾಡಿ, ಜನ.

ನಾಲ್ಕು ಹೆಜ್ಜೆ ನಡೆದವಳು ನಿಂತುಬಿಟ್ಟಳು. ಆ ವರ್ಷವೆಲ್ಲ ಒಂದು ಹನಿ ಹಾಕದವಳು ನಡುಬೀದಿಯಲ್ಲಿ ನನ್ನ ಹೆಗಲಿಗೆ ಮುಖ ಒತ್ತಿ ಅತ್ತಳು.

“ಅವನಿಗೆ ಕೇಳಿಸಿತ್ತಂತೆ ಆಪಾ” ಎಂದಳು. “ಎಲ್ಲಾ ಕೇಳಿಸಿತ್ತಂತೆ.”